ಕಾಮಗೆರೆಯಲ್ಲಿ ಇಳಿಯಬೇಕಾದವಳು

ಮುತ್ತಯ್ಯ ತಮ್ಮ ಡ್ರೈವಿಂಗ್ ಲೈಸೆನ್ಸನ್ನು ತಾವಾಗಿಯೇ ಸರ್ಕಾರಕ್ಕೆ ವಾಪಸ್ ಕೊಟ್ಟ ದಿನ ಜೊತೆಗೆ ಹೋಗಿದ್ದವಳು ನಾನು. ಆ ಮನುಷ್ಯನಿಗೆ ಕಣ್ಣಿಗೆ ಪೊರೆ ಬಂದಿತ್ತು ಎಂದು ಹೂಗ್ಯಂನಲ್ಲಿ ಈಗಲೂ ಕೆಲವರು ಹೇಳುತ್ತಾರೆ, ತಲೆ ಕೆಟ್ಟಿತ್ತು ಅನ್ನುವವರೂ ಇದ್ದಾರೆ. ಎರಡೂ ಸುಳ್ಳು. ಕಣ್ಣು ತೋರಿಸಲು ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದವಳೂ ನಾನೇ. ದೂರದ್ದು ಹತ್ತಿರದ್ದು ಎಲ್ಲ ಚೆನ್ನಾಗಿ ಕಾಣುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದರು. ತಲೆಯ ವಿಷಯಕ್ಕೆ ಬಂದರೆ, ಹೀಗೆ ಆಡಿಕೊಳ್ಳುವವರ ತಲೆಗಿಂತ ಮುತ್ತಯ್ಯನ ತಲೆ ಗಟ್ಟಿಯಾಗಿಯೇ ಇತ್ತು.

ನನ್ನ ಹೆಸರು ಮಾಲಿನಿ. ಹನೂರಿನಲ್ಲಿ ಬಾಡಿಗೆ ಮನೆ, ಕಾಡಿನಾಚೆಯ ಹೂಗ್ಯಂ ಶಾಲೆಯಲ್ಲಿ ಪಾಠ. ಹೂಗ್ಯಂ ಕಡೆಗೆ ಬಸ್ಸುಗಳು ಕಡಿಮೆ, ಇರುವವೂ ಮನಸ್ಸು ಬಂದಾಗ ಬರುತ್ತವೆ. ಹಾಗಾಗಿ ನನ್ನಂಥವರಿಗೆಲ್ಲ ಮುತ್ತಯ್ಯನ ಟೆಂಪೋವೇ ದಿಕ್ಕು. ಡ್ರೈವರ್ ಪಕ್ಕದ ಸೀಟು ನನ್ನದು ಎಂದು ಯಾರೂ ಬರೆದುಕೊಟ್ಟಿರಲಿಲ್ಲ, ಆದರೆ ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ ನಾನು ಒಂದು ಸಲ ನೋಡುತ್ತಿದ್ದೆ, ಅವರು ಎದ್ದು ಹಿಂದಕ್ಕೆ ಹೋಗುತ್ತಿದ್ದರು. ಮೇಷ್ಟರ ಕೆಲಸದಲ್ಲಿ ಇಷ್ಟಾದರೂ ಲಾಭ ಬೇಡವೇ.

ಮುತ್ತಯ್ಯನ ತಂದೆ ಅರಣ್ಯ ಇಲಾಖೆಯವರ ಹತ್ತಿರ ಕೂಲಿ ಮಾಡಿಕೊಂಡಿದ್ದವರು. ಮಗ ಓದು ಹತ್ತದೆ ಲಾರಿ ಡ್ರೈವರ್ ನಂಜಯ್ಯ ಎಂಬುವರ ಹತ್ತಿರ ಕ್ಲೀನರ್ ಆಗಿ ಸೇರಿದ. ಕತ್ತಿನ ಹಿಂದೆ ಏಟು ತಿಂದುಕೊಂಡೇ ಸ್ಟೇರಿಂಗ್ ಕಲಿತ. ಲೈಸೆನ್ಸ್ ಕೈಗೆ ಬಂದ ದಿನ ಅದನ್ನು ಮಾದಪ್ಪನ ಪಟದ ಮುಂದಿಟ್ಟು ಕಾಯಿ ಒಡೆದಿದ್ದರಂತೆ. ಮನೆಯಲ್ಲಿ ಮಾತು ಬಂದಾಗೆಲ್ಲ ಅವರ ಹೆಂಡತಿ ಚೆಲುವಮ್ಮ ಇದನ್ನು ಎತ್ತುತ್ತಿದ್ದರು: "ನಮ್ಮಪ್ಪ ಗಂಡ್ನ ಮಕ ಎಲ್ ನೋಡ್ತು ಮೇಡಂ, ಲೈಸೆನ್ಸ್ ನೋಡ್ಕಂಡು ನನ್ನ ಕೊಟ್ಬುಡ್ತು." ಮುತ್ತಯ್ಯ ಇದಕ್ಕೆ ನಕ್ಕು ಅಂಗಿಯ ಜೇಬು ಮುಟ್ಟಿಕೊಳ್ಳುತ್ತಿದ್ದರು. ಲೈಸೆನ್ಸ್ ಇರುತ್ತಿದ್ದದ್ದು ಅಲ್ಲೇ, ಪ್ಲಾಸ್ಟಿಕ್ ಕವರಿನಲ್ಲಿ, ವಿಭೂತಿ ಪೊಟ್ಟಣದ ಜೊತೆ.

ಆ ದಾರಿಯಲ್ಲಿ ಅವರ ಗಾಡಿಗೆ ಒಂದು ಕೋಳಿ ಸಿಕ್ಕಿ ಸತ್ತದ್ದನ್ನೂ ಯಾರೂ ಕಾಣರು. ಹೆರಿಗೆ ನೋವು ಬಂದವರು, ಹಾವು ಕಚ್ಚಿದವರು, ಮರದಿಂದ ಬಿದ್ದವರು ಎಲ್ಲರನ್ನೂ ಕಾಮಗೆರೆ ಆಸ್ಪತ್ರೆಗೆ ಮುಟ್ಟಿಸುತ್ತಿದ್ದವರು ಅವರೇ. ಹನೂರು ದಾಟಿ ಕೊಳ್ಳೇಗಾಲದ ದಾರಿಯಲ್ಲಿ ಕಾಮಗೆರೆ ಸಿಗುತ್ತದೆ. ನಮ್ಮ ಕಡೆಯವರ ಕಷ್ಟವೆಲ್ಲ ಹೋಗಿ ನಿಲ್ಲುವುದು ಅಲ್ಲಿಯೇ.

ಕಾಡಿನ ದಾರಿಯ ಡ್ರೈವರುಗಳಿಗೆ ಒಂದು ಪದ್ಧತಿಯಿದೆ. ರಸ್ತೆ ಬದಿಯಲ್ಲಿ ಕೈ ಅಡ್ಡ ಹಾಕಿದವರು ಬಾಯಿಬಿಟ್ಟು ಕೂಗಬೇಕು. ಕೂಗಿದರೆ ಮನುಷ್ಯರು, ನಿಲ್ಲಿಸಬೇಕು. ಕೂಗದೆ ಕೈ ಚಾಚಿಕೊಂಡು ಸುಮ್ಮನೆ ನಿಂತಿದ್ದರೆ ಅದು ಮನುಷ್ಯರಲ್ಲ, ಬ್ರೇಕ್ ಮೇಲೆ ಕಾಲಿಡಬಾರದು, ಕನ್ನಡಿಯಲ್ಲೂ ಹಿಂತಿರುಗಿ ನೋಡಬಾರದು. ನಂಜಯ್ಯ ಇದನ್ನು ಮುತ್ತಯ್ಯನಿಗೆ ಗೇರ್ ಹಾಕುವುದಕ್ಕಿಂತ ಮೊದಲು ಕಲಿಸಿದ್ದರು. ಕಾಡಿನೊಳಗೆ ಬಂದೂಕಿನ ಭಯವಿದ್ದ ಕಾಲದಲ್ಲಿ, ಸದ್ದಿಲ್ಲದೆ ನಿಂತವರು ಯಾರೆಂದು ಗೊತ್ತಾಗದೆ ಡ್ರೈವರುಗಳು ಮಾಡಿಕೊಂಡ ಉಪಾಯ ಇದು ಎಂದು ನಾನು ವಾದಿಸುತ್ತಿದ್ದೆ. "ಇರ್ಬೋದು ಮೇಡಂ" ಎಂದು ಮುತ್ತಯ್ಯ ತಲೆಯಾಡಿಸುತ್ತಿದ್ದರು, ಆದರೆ ಕೂಗದವರಿಗೆ ಮಾತ್ರ ನಿಲ್ಲಿಸುತ್ತಿರಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಒಂದು ದಿನ ಹೂಗ್ಯಂನ ಟೀ ಅಂಗಡಿಯಲ್ಲಿ ಗುಂಪು ಸೇರಿತ್ತು. ಬಾಗೆ ಮರದ ತಿರುವಿನಲ್ಲಿ, ನಡುಮಧ್ಯಾಹ್ನ, ಒಬ್ಬ ಹೆಂಗಸು ನಿಂತಿದ್ದಳಂತೆ. ಕಂಕುಳಲ್ಲಿ ಬಟ್ಟೆಯ ಗಂಟು, ಚಾಚಿದ ಕೈ, ಬಾಯಿ ಮಾತ್ರ ಮುಚ್ಚಿದ್ದು. ಹನೂರಿಗೆ ಹೊರಟಿದ್ದ ಮುತ್ತಯ್ಯ ನಿಲ್ಲಿಸದೆ ಹೋಗಿದ್ದರು. ಮಾರನೆಯ ದಿನವೂ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕಂಡಳು. ಆಗಲೂ ನಿಲ್ಲಿಸಲಿಲ್ಲ. ನಮ್ಮ ಜನಕ್ಕೆ ಇಂಥ ಸುದ್ದಿ ಸಿಕ್ಕರೆ ಊಟ ಬೇಡ. ಸಂಜೆಯೊಳಗೆ ಅವಳಿಗೆ ಕಾಲು ಹಿಂದುಮುಂದಾಗಿತ್ತು, ಕೂದಲು ಮೊಣಕಾಲಿಗೆ ಬಂದಿತ್ತು. ಮೂರನೆಯ ದಿನ ಅವಳು ರಸ್ತೆಯ ನಡುವಿಗೇ ಬಂದು ಎರಡೂ ಕೈ ಎತ್ತಿ ನಿಂತಳು. ಮುತ್ತಯ್ಯ ಒಂದು ಕೈಯಲ್ಲಿ ವಿಭೂತಿ ಹಿಡಿದು, ಪಕ್ಕಕ್ಕೆ ತಿರುಗಿಸಿಕೊಂಡು, ಅವಳನ್ನು ಸವರಿಕೊಂಡಂತೆ ಗಾಡಿ ಓಡಿಸಿಬಿಟ್ಟರು.

ನಾಲ್ಕನೆಯ ದಿನ ಅವಳು ನಿಂತಿರಲಿಲ್ಲ. ಆಮೇಲೆ ಗೊತ್ತಾಯಿತು. ನಡೆದೇ ಹೋಗೋಣ ಎಂದು ಅವಳು ಹೊರಟಿದ್ದಳು, ಇಳಿಹೊತ್ತಿನಲ್ಲಿ ಆನೆಗೆ ಸಿಕ್ಕಿದಳು.

ದೊಡ್ಡಮಾದಮ್ಮ ಅವಳ ಹೆಸರು, ಕಾಡಿನೊಳಗೆ ನಾಲ್ಕು ಗುಡಿಸಲಿರುವ ಒಂದು ದೊಡ್ಡಿಯವಳು. ಗಂಡ ಕಾಲು ಮುರಿದುಕೊಂಡು ಕಾಮಗೆರೆ ಆಸ್ಪತ್ರೆಯಲ್ಲಿ ಮಲಗಿದ್ದ, ಅವನಿಗೆ ಬುತ್ತಿ ಕಟ್ಟಿಕೊಂಡು ಹೊರಟಿದ್ದಳು. ಇದನ್ನು ಹೇಳಲು ಬಂದವನು ಅವಳ ತಮ್ಮ ಮಾದು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟಿತ್ತು, ನಾನು ಟೆಂಪೋ ಹತ್ತಿ ಕೂತಿದ್ದೆ. ಅವನು ಬಂದು ಡ್ರೈವರ್ ಬಾಗಿಲ ಹತ್ತಿರ ನಿಂತ. ಬೈಯುತ್ತಾನೆ, ಕೊರಳಪಟ್ಟಿ ಹಿಡಿಯುತ್ತಾನೆ ಎಂದು ನಾನು ಅಂದುಕೊಂಡೆ. ಅವನು ಮೆಲ್ಲಗೆ ಹೇಳಿದ:

"ನಮ್ಮಕ್ಕ ಮೂಗಿ ಕಣಣ್ಣ. ಅವ್ಳ್ಗೆ ಕೂಗಕ್ಕೆ ಬತ್ತಿರ್ನಿಲ್ಲ."

ಅಷ್ಟೇ ಹೇಳಿ ಹೋದ. ಮುತ್ತಯ್ಯ ಕೀ ತಿರುಗಿಸಲು ಹೋದ ಕೈಯನ್ನು ಅಲ್ಲೇ ಬಿಟ್ಟು ಕೂತರು. ಹಿಂದೆ ಇದ್ದವರು ಯಾರೂ ಗಾಡಿ ತೆಗಿ ಅನ್ನಲಿಲ್ಲ.

ಸ್ವಲ್ಪ ದಿನ ಬಿಟ್ಟು ಶುರುವಾಯಿತು. ಬಾಗೆ ಮರದ ತಿರುವು ಬಂದರೆ ಟೆಂಪೋ ನಿಲ್ಲುತ್ತಿತ್ತು. ಹಿಂದಿನ ಬಾಗಿಲು ತೆಗೆಯಲು ಮುತ್ತಯ್ಯ ಯಾರಿಗಾದರೂ ಹೇಳುತ್ತಿದ್ದರು. ಗಂಟು ಹಿಡಿದ ಹೆಂಗಸೊಬ್ಬಳು ಹತ್ತಿ ಕೂರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದು, ಬಾಗಿಲು ಹಾಕಿಸಿ, ಹೊರಡುತ್ತಿದ್ದರು. ಬದುಕಿದ್ದವಳನ್ನು ದೆವ್ವ ಎಂದುಕೊಂಡು ಬಿಟ್ಟುಬಂದ ಮನುಷ್ಯ, ಸತ್ತವಳನ್ನು ಪ್ಯಾಸೆಂಜರ್ ಎಂದು ಹತ್ತಿಸಿಕೊಳ್ಳುತ್ತಿದ್ದರು. ಇದು ಪಶ್ಚಾತ್ತಾಪ, ನಾಲ್ಕು ದಿನಕ್ಕೆ ಸರಿಹೋಗುತ್ತದೆ ಎಂದು ನಾನು ಚೆಲುವಮ್ಮನಿಗೆ ಬುದ್ಧಿ ಹೇಳಿದೆ. ಬುದ್ಧಿ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಒಂದು ಶನಿವಾರ ಶಿವರತ್ನಮ್ಮ ಎಂಬ ಅಜ್ಜಿ ಹಿಂದಿನ ಸೀಟಿನಲ್ಲಿದ್ದರು, ಕಾಲ ಬಳಿ ಟೊಮ್ಯಾಟೋ ಬುಟ್ಟಿ. ತಿರುವಿನಲ್ಲಿ ಗಾಡಿ ನಿಂತಿತು, ಬಾಗಿಲು ತೆರೆಯಿತು. ಟೆಂಪೋ ಆ ಪಕ್ಕಕ್ಕೆ ಒಂದಿಷ್ಟು ವಾಲಿದ ಹಾಗಾಯಿತು. ಅಜ್ಜಿ ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡು, ಪಕ್ಕಕ್ಕೆ ಸರಿದು, "ಬಾರವ್ವ, ಕೂತ್ಕ" ಎಂದರು. ಹೇಳಿದ ಮೇಲೆ ಪಕ್ಕಕ್ಕೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಹನೂರು ಬರುವವರೆಗೆ ಅವರು ಬುಟ್ಟಿಯ ಅಂಚು ಬಿಡಲಿಲ್ಲ. ಮತ್ತೆ ಆ ಟೆಂಪೋ ಹತ್ತಲಿಲ್ಲ. ಆಮೇಲೆ ಹಿಂದಿನ ಬಾಗಿಲ ಪಕ್ಕದ ಆ ಜಾಗದಲ್ಲಿ ಎಂಥ ರಶ್ ಇದ್ದರೂ ಯಾರೂ ಕೂರುತ್ತಿರಲಿಲ್ಲ.

"ನಿಮ್ಗೆ ಏನು ಕಾಣುತ್ತೆ, ಸರಿಯಾಗಿ ಹೇಳಿ" ಎಂದು ಒಂದು ದಿನ ಕೇಳಿದೆ.

"ಏನಿಲ್ಲ ಮೇಡಂ. ಹತ್ತುತಾಳೆ, ಕೂರ್ತಾಳೆ. ಗಂಟು ತೊಡೆ ಮ್ಯಾಲೆ ಮಡಿಕತಾಳೆ. ಕನ್ನಡೀಲಿ ನನ್ನೇ ನೋಡ್ತಿರ್ತಾಳೆ."

"ಕೋಪದಲ್ಲಿ ನೋಡ್ತಾಳಾ?"

"ಕ್ವಾಪ ಇದ್ದಿದ್ರೆ ಚೆನ್ನಾಗಿತ್ತು. ಪ್ಯಾಸೆಂಜರ್ ಡ್ರೈವರ್ನ ನೋಡಲ್ವಾ ಮೇಡಂ, ಊರು ಬಂತಾ ಅಂತವ. ಅಂಗೆ."

ಈ ಮಾತು ಕೇಳಿದ ಮೇಲೆ ಆ ಕನ್ನಡಿಯ ಕಡೆ ನೋಡುವುದನ್ನು ನಾನು ಬಿಟ್ಟೆ.

ಅವಳು ಇಳಿಯಬೇಕಾದ ಊರು ಯಾವುದು ಎಂದು ಅವರಿಗೆ ಗೊತ್ತಿತ್ತು. ಟೆಂಪೋದ ದಾರಿ ಹನೂರಿಗೆ ಮುಗಿಯುತ್ತದೆ. ಮುಂದಿನ ಶನಿವಾರ ಅವರು ಹನೂರು ಸ್ಟ್ಯಾಂಡಿನಲ್ಲಿ ನಿಲ್ಲಿಸಲೇ ಇಲ್ಲ. ಹಿಂದಿನಿಂದ ಒಬ್ಬರು ಗಾಡಿಯ ತಗಡು ಬಡಿದರು, ಇನ್ನೊಬ್ಬರು ಬೈದರು. ಮುತ್ತಯ್ಯ ಕಿವಿಗೆ ಹಾಕಿಕೊಳ್ಳದೆ ಕೊಳ್ಳೇಗಾಲದ ರಸ್ತೆ ಹಿಡಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನವರ ಬೈಗುಳ ನಿಂತಿತು.

ಕಾಮಗೆರೆ ಆಸ್ಪತ್ರೆಯ ಗೇಟಿನ ಮುಂದೆ ನಿಲ್ಲಿಸಿ, ತಾವೇ ಇಳಿದು ಹೋಗಿ ಹಿಂದಿನ ಬಾಗಿಲು ತೆಗೆದರು. "ಇಳಿಯವ್ವ. ಬಂತು" ಎಂದರು. ಬಿಸಿಲಿನಲ್ಲಿ ಬಾಗಿಲು ಹಿಡಿದುಕೊಂಡು ನಿಂತೇ ಇದ್ದರು. ಆಸ್ಪತ್ರೆಯ ವಾಚ್‌ಮನ್ ಗಾಲಿ ಮಂಚ ತಳ್ಳಿಕೊಂಡು ಓಡಿಬಂದು "ಪೇಶಂಟ್ ಎಲ್ಲಿ ಸಾ?" ಎಂದು ಕೇಳಿದ. ಟೆಂಪೋದಲ್ಲಿದ್ದವರು ಒಬ್ಬೊಬ್ಬರಾಗಿ ಇನ್ನೊಂದು ಕಡೆಯಿಂದ ಇಳಿದು, ಹನೂರಿಗೆ ಬೇರೆ ಬಸ್ಸು ನೋಡಿಕೊಂಡರು. ಕೊನೆಗೆ ಮುತ್ತಯ್ಯ ಬಾಗಿಲು ಹಾಕಿ ಬಂದು ಕೂತರು.

"ಇಳಿನಿಲ್ಲ ಮೇಡಂ" ಎಂದರು. "ಗೇಟ್ ನೋಡುದ್ಲು, ನನ್ ನೋಡುದ್ಲು, ಅಲ್ಲೇ ಕೂತ್ಬುಟ್ಲು."

ಆಮೇಲೆ ಎಷ್ಟು ಸಲ ಕರೆದುಕೊಂಡು ಹೋದರೂ ಅವಳು ಇಳಿಯಲಿಲ್ಲ. ಪ್ಯಾಸೆಂಜರುಗಳು ಒಬ್ಬೊಬ್ಬರೇ ಉದುರಿಹೋದರು. ಮುತ್ತಯ್ಯ ಸೊರಗಿದರು, ಮಾತು ಬಿಟ್ಟರು. ಒಂದು ಸಂಜೆ ಟೆಂಪೋವನ್ನು ಬೇರೆ ಡ್ರೈವರೊಬ್ಬರಿಗೆ ಮಾರಿ ಬಂದು, ಲೈಸೆನ್ಸನ್ನೂ ವಾಪಸ್ ಕೊಡುತ್ತೇನೆ ಎಂದು ಹೇಳಿದರು. ಚೆಲುವಮ್ಮ ನನ್ನನ್ನು ಕರೆಸಿದರು. ಗಾಡಿ ಮಾರಿದ್ದು ಸರಿ, ಕಾರ್ಡು ಜೇಬಿನಲ್ಲಿದ್ದರೆ ಏನು ಭಾರ ಎಂದು ನಾನು ಕೇಳಿದೆ.

"ಲೈಸೆನ್ಸ್ ಇರಗಂಟ ನಾನು ಡ್ರೈವರೇ ಮೇಡಂ. ನಾನು ಡ್ರೈವರ್ ಆಗಿರಗಂಟ ಅವ್ಳು ನನ್ ಪ್ಯಾಸೆಂಜರೇ. ಗಾಡಿ ಮಾರುದ್ರೂ ಮನೆ ಜಗ್ಲಿ ಮ್ಯಾಲೆ ಬಂದು ಕೂತವ್ಳೆ. ಇನ್ ನನ್ ಕೈಲಿ ಆಗಕಿಲ್ಲ ಅಂತ ಕೊಟ್ಬುಟ್ರೆ, ಅವ್ಳು ಇಳ್ದು ತನ್ ದಾರಿ ನೋಡ್ಕತಾಳೆ. ಅವ್ಳ್ನ ಇಳಿಸ್ಬೇಕು ಮೇಡಂ. ನಂಗೆ ಇನ್ನೇನೂ ಬ್ಯಾಡ."

ರಜೆ ಹಾಕಿ ಜೊತೆಗೆ ಹೊರಟೆ.

ಚಾಮರಾಜನಗರದ ಆರ್‌ಟಿಓ ಆಫೀಸಿನಲ್ಲಿ ಕಿಟಕಿಯ ಹಿಂದೆ ಇದ್ದವರು ಶಾಂತಮೂರ್ತಿ ಎಂಬ ಗುಮಾಸ್ತರು. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದು ಇನ್ನೂ ಚಾಲ್ತೀಲಿ ಅದೆಯಲ್ರಿ. ಬ್ಯಾಡ ಅಂದ್ರೆ ಮನೇಲಿ ಮಡಿಕಳಿ" ಎಂದರು. ಮುತ್ತಯ್ಯ ಕೈಮುಗಿದು ನಿಂತೇ ಇದ್ದರು. "ಇಲ್ಲಿ ಎಲ್ರೂ ಕೊಡಿ ಕೊಡಿ ಅಂತ ಬತ್ತಾರೆ. ಇಸ್ಕಳಿ ಅಂತ ಬಂದೋರ್ನ ನಾ ಕಂಡೇ ಇಲ್ಲ" ಎಂದು ಗೊಣಗಿಕೊಂಡು, ಒಳಗೆ ಸಾಹೇಬರನ್ನು ಕೇಳಿಕೊಂಡು ಬಂದರು. ಸ್ವಂತ ಇಚ್ಛೆಯಿಂದ ಬಿಟ್ಟುಕೊಡುತ್ತಿದ್ದೇನೆ ಎಂದು ಅರ್ಜಿ ಬರೆದುಕೊಟ್ಟದ್ದು ನಾನು. ಮುತ್ತಯ್ಯ ಆಗಾಗ ಬಾಗಿಲ ಕಡೆ ನೋಡುತ್ತಿದ್ದರು. ಅವಳೂ ಬಂದು ಅಲ್ಲಿ ನಿಂತಿದ್ದಾಳೆ ಎಂದು ನನಗೆ ಹೇಳಿದ್ದರು. ನಾನು ಆ ಕಡೆ ತಿರುಗಲಿಲ್ಲ.

ಶಾಂತಮೂರ್ತಿ ಕತ್ತರಿ ತೆಗೆದುಕೊಂಡು ಕಾರ್ಡಿನ ಮೂಲೆ ಕತ್ತರಿಸಿದರು. ಆ ಸದ್ದಿಗೆ ಮುತ್ತಯ್ಯ ಒಮ್ಮೆ ಕಣ್ಣು ಮುಚ್ಚಿ ತೆರೆದರು. ಬಾಗಿಲು ನೋಡಿದರು, ಬೆಂಚು ನೋಡಿದರು, ಹೊರಗೆ ಹೋಗಿ ಬೇವಿನ ಮರದ ಕೆಳಗೆ ನೋಡಿ ಬಂದರು.

"ಅವ್ಳು ಎಲ್ಲೋದ್ಲು ಮೇಡಂ?"

"ಹೋದಳಲ್ಲ, ಬಿಡಿ. ನೀವು ಹೇಳಿದ ಹಾಗೇ ಆಯ್ತು" ಎಂದೆ. ನಿಜಕ್ಕೂ ನನಗೆ ಜೀವ ಬಂದಂತಾಗಿತ್ತು.

ಆದರೆ ಬಸ್ಸು ಹೊರಟ ಮೇಲೆ ಮುತ್ತಯ್ಯನ ಮುಖ ಇನ್ನೂ ಕಳೆಗುಂದಿತು. ಮೂರು ಜನರ ಸೀಟು. ಅವರು ಕಿಟಕಿಗೆ ಕೂತು, ನಡುವೆ ತಮ್ಮ ಟವಲ್ ಹಾಸಿ ಜಾಗ ಹಿಡಿದಿದ್ದರು, ಈಚೆಗೆ ನಾನು. "ನಂಗೀಗ ಕಾಣಾಕಿಲ್ಲ ಮೇಡಂ. ಹೋದ್ಲೋ, ಹತ್ತುದ್ಲೋ, ಗೊತ್ತಾಯ್ತಿಲ್ಲ. ಆಪೀಸ್ ತಾವೇ ನಿಂತವ್ಳೇನೋ. ಕಾಮಗೆರೆ ಎಲ್ಲಿ, ಈ ಊರೆಲ್ಲಿ. ಅವ್ಳ್ಗೆ ಯಾರ್ನೂ ಕೇಳಕ್ಕೆ ಬರಾಕಿಲ್ಲ." ಟವಲಿನ ಮಡಿಕೆ ಸರಿಮಾಡಿ ಮತ್ತೆ ಹೇಳಿದರು: "ಇನ್ನೊಂದ್ಸಲ ಬುಟ್ಟು ಬಂದ್ಬುಟ್ನಾ ಮೇಡಂ?"

ಯಳಂದೂರಿನಲ್ಲಿ, ಆ ಊರಿಗೇ ಮದುವೆಯಾಗಿ ಹೋಗಿದ್ದ ಅವರ ಮಗಳು ಪ್ರೇಮಾ ಸೀಬೆಹಣ್ಣಿನ ಚೀಲ ಹಿಡಿದುಕೊಂಡು ಕಿಟಕಿ ಹತ್ತಿರ ಬಂದಳು. ಅಪ್ಪನ ಕೈ ಹಿಡಿದುಕೊಂಡು "ಕೊಟ್ಟಾಯ್ತಾ ಅಪ್ಪ? ಇನ್ ಆರಾಮಾಗಿರು" ಎಂದಳು. ಮುತ್ತಯ್ಯ ಚೀಲವನ್ನು ನೋಡಲೇ ಇಲ್ಲ, ನಾನೇ ಕೈ ಚಾಚಿ ತೆಗೆದುಕೊಂಡೆ.

"ಮಗ, ಸರಿಯಾಗ್ ನೋಡು. ನಮ್ ಜೊತೇಲಿ ಯಾರಾದ್ರೂ ಅವ್ರಾ?"

ಪ್ರೇಮಾ ನನ್ನ ಮುಖ ನೋಡಿದಳು. "ಮೇಡಂ ಅವ್ರೆ ಕಣಪ್ಪ" ಎಂದಳು. ಬಸ್ಸು ಹೊರಡುವಾಗ ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಯಳಂದೂರಿನಲ್ಲಿ ತುಂಬಾ ಜನ ಹತ್ತಿದರು. ನಿಂತವರು ಬೇಕಾದಷ್ಟಿದ್ದರು. ಟವಲ್ ಹಾಸಿದ ಆ ಜಾಗವನ್ನು ಯಾರೂ ಕೇಳಲಿಲ್ಲ. ನನ್ನ ಮುಖದಲ್ಲಿನ ಸಿಡುಕು ನೋಡಿ ಕೇಳಲಿಲ್ಲ ಎಂದುಕೊಂಡೆ.

ಕೊಳ್ಳೇಗಾಲದಲ್ಲಿ ಹನೂರಿನ ಬಸ್ಸಿಗೆ ಬದಲಾಯಿಸಿದೆವು. ಮುತ್ತಯ್ಯ ಬಾಗಿಲ ಪಕ್ಕಕ್ಕೆ ಸರಿದು ನಿಂತು ಯಾರಿಗೋ ದಾರಿ ಬಿಟ್ಟರು. ಹಿಂದಿದ್ದವರು ಬೈದರು. ಮತ್ತೆ ಹಾಗೆಯೇ ಕೂತೆವು, ಕಿಟಕಿಗೆ ಅವರು, ನಡುವೆ ಟವಲ್, ಈಚೆಗೆ ನಾನು. ಕಾಮಗೆರೆ ಹತ್ತಿರವಾದಂತೆ ಅವರ ಕಾಲು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಆಸ್ಪತ್ರೆ ಸ್ಟಾಪಿನಲ್ಲಿ ನಾಲ್ಕಾರು ಜನ ಇಳಿದರು. ಅವಳು ಏಳಲಿ ಎಂದು ಮುತ್ತಯ್ಯ ಮೊಣಕಾಲು ಮಡಿಚಿ ಕಿಟಕಿಗೆ ಒತ್ತಿಕೊಂಡು ಕೂತರು. ನನ್ನನ್ನೇ ನೋಡಿದರು.

"ಇಳುದ್ಲಾ ಮೇಡಂ? ನೀವು ನೋಡಿ ಹೇಳಿ."

ನಾನು ಗೇಟಿನ ಕಡೆ ನೋಡಿದೆ. "ಇಳಿದಳು" ಎಂದೆ. "ಗಂಟು ಕಂಕುಳಲ್ಲಿ ಇಟ್ಕೊಂಡು ಒಳಗೆ ಹೋದಳು. ಅಲ್ಲಿ ಬಾಗಿಲು ದಾಟಿದಳು ನೋಡಿ."

"ತಿರುಗಿ ನೋಡುದ್ಲಾ?"

"ಇಲ್ಲ. ಅವಸರದಲ್ಲಿದ್ದಳು. ಗಂಡ ಕಾಯ್ತಿರ್ತಾನಲ್ಲ."

ಮುತ್ತಯ್ಯ ಗೇಟಿಗೆ ಕೈಮುಗಿದರು. ಆ ಕೈಗಳನ್ನು ಮುಖಕ್ಕೆ ಒತ್ತಿಕೊಂಡು ಅತ್ತರು. ಸ್ವಲ್ಪ ಹೊತ್ತಿಗೆ ಕಿಟಕಿಯ ಸರಳಿಗೆ ತಲೆ ಆನಿಸಿ ಮಗುವಿನ ಹಾಗೆ ನಿದ್ದೆ ಹೋದರು. ಅವರು ಹಾಗೆ ನಿದ್ದೆ ಮಾಡಿದ್ದನ್ನು ನೋಡಿ ನನಗೂ ಅಳು ಬಂತು. ಒಂದು ಸುಳ್ಳಿನಿಂದ ಇಷ್ಟು ಆಗುವುದಾದರೆ ಇದನ್ನು ಮೊದಲೇ ಹೇಳಬಹುದಿತ್ತು.

ನಾನು ಹೇಳಿದ್ದು ಸುಳ್ಳೇ. ಗೇಟಿನ ಹತ್ತಿರ ಯಾವ ಹೆಂಗಸನ್ನೂ ನಾನು ಕಂಡಿರಲಿಲ್ಲ.

ಬಸ್ಸು ಹೊರಟಿತು. ಇನ್ನು ಜಾಗ ಹಿಡಿದಿಟ್ಟು ಏನಾಗಬೇಕು ಎಂದು, ಕಾಲು ಚಾಚಿ ಆರಾಮಾಗಿ ಕೂರಲು ನಡುವಿಗೆ ಸರಿದೆ. ಸರಿಯಲಾಗಲಿಲ್ಲ. ಟವಲ್ ಮೇಲೆ ಯಾರೋ ಕೂತಿದ್ದರು. ಕಣ್ಣಿಗೆ ಏನೂ ಕಾಣಲಿಲ್ಲ, ಆದರೆ ನನ್ನ ತೋಳಿಗೆ ತೋಳು ತಾಗಿತ್ತು, ಬಿಸಿಲಲ್ಲಿ ಬಹಳ ಹೊತ್ತು ನಿಂತು ಬಂದವರ ಮೈಯ ಕಾವು. ಬಸ್ಸು ತಿರುಗಿದಾಗ ಆ ಭಾರ ನನ್ನ ಮೇಲೆ ವಾಲಿತು, ನೇರವಾದಾಗ ಸಂಕೋಚಪಟ್ಟುಕೊಂಡಂತೆ ಹಿಂದಕ್ಕೆ ಸರಿಯಿತು. ರಾಗಿ ಹಿಟ್ಟಿನ ವಾಸನೆ ಬರುತ್ತಿತ್ತು. ನಾನು ಎದುರಿಗೆ ನೋಡಿಕೊಂಡು, ಉಸಿರು ಸಹ ಸಣ್ಣಗೆ ಬಿಡುತ್ತ ಕೂತೆ. ಇಷ್ಟು ಹೆದರಿಕೆ ನನಗೆ ಹುಟ್ಟಿದ ಮೇಲೆ ಆಗಿರಲಿಲ್ಲ. ಹೆದರಿಕೆಯ ನಡುವೆಯೂ ಒಂದು ಮಾತು ತಲೆಯಲ್ಲಿ ತಿರುಗುತ್ತಿತ್ತು. ಅವಳ ಊರು ಬಂದಿತ್ತು, ಇಳಿ ಎಂದು ನಾನು ಅವಳಿಗೆ ಹೇಳಲಿಲ್ಲ, ಎದ್ದು ದಾರಿಯನ್ನೂ ಬಿಡಲಿಲ್ಲ. ಮುತ್ತಯ್ಯನಿಗೆ ಹೇಳಿದೆ, ಅವಳಿಗೆ ಹೇಳಲಿಲ್ಲ.

ಹನೂರಿನಲ್ಲಿ ಮುತ್ತಯ್ಯ ಎಚ್ಚರವಾಗಿ ಎದ್ದರು. ಮುಖ ತಿಳಿಯಾಗಿತ್ತು. ಟವಲ್ ಇಲ್ಲೇ ಇರಲಿ, ಆಮೇಲೆ ಕೊಡುತ್ತೇನೆ ಎಂದು ನಾನೇ ಅವರನ್ನು ಮುಂದಿನ ಸೀಟಿನ ಸಂದಿಯಿಂದ ದಾಟಿಸಿದೆ. ಸೀಬೆಹಣ್ಣಿನ ಚೀಲ ಹಿಡಿದು ಕೆಳಗಿಳಿದು ಅವರು ತಿರುಗಿ ನೋಡಿದರು.

"ನೀವು ಇಳಿಯಾಕಿಲ್ವಾ ಮೇಡಂ?"

"ಒಂದು ಕೆಲಸ ಮರೆತುಬಂದೆ. ನೀವು ಹೋಗಿ, ಚೆಲುವಮ್ಮ ಕಾಯ್ತಿರ್ತಾರೆ" ಎಂದೆ.

ಅವರು ಹೂಗ್ಯಂ ಕಡೆಯ ಗಾಡಿಗಳು ನಿಲ್ಲುವಲ್ಲಿಗೆ ಹಗುರವಾಗಿ ನಡೆದು ಹೋದರು. ಬಸ್ಸು ಖಾಲಿಯಾಯಿತು. ನಾನು ಎದ್ದಿರಲಿಲ್ಲ, ನನ್ನ ತೋಳಿಗೆ ತಾಗಿದ್ದ ತೋಳೂ ಅಲ್ಲೇ ಇತ್ತು. ಕಂಡಕ್ಟರನ್ನು ಕರೆದು, ಈ ಬಸ್ಸು ವಾಪಸ್ ಕಾಮಗೆರೆ ಮೇಲೆ ಎಷ್ಟು ಹೊತ್ತಿಗೆ ಹೋಗುತ್ತದೆ ಎಂದು ಕೇಳಿದೆ.